ಅವರು ಬರುವ ಮೊದಲು ಕಳಿಸಿದ ಪಟ್ಟಿ

ನಾನು ಆಪರೇಷನ್ ಥಿಯೇಟರ್ ನರ್ಸ್. ಶ್ರೀಮಂತ ದೇಶವೊಂದರ ಆಸ್ಪತ್ರೆಗೂ ನಮಗೂ ಹಲವು ವರ್ಷಗಳ ಒಡನಾಟ. ವರ್ಷಕ್ಕೆ ಎರಡು ಸಲ ತಂಡ ಬರುತ್ತದೆ. ಮೊದಲೆಲ್ಲ ಅವರು ಬಂದರೆ ಕೆಲವರು ತರಬೇತಿಗೆ ಹೋಗುತ್ತಿದ್ದೆವು, ಉಳಿದವರಿಗೆ ಡಬಲ್ ಡ್ಯೂಟಿ. ಸರ್ಟಿಫಿಕೇಟ್ ಕೈಗೆ ಬರುತ್ತಿತ್ತು. ಕಲಿತದ್ದನ್ನು ಮಾಡೋಕೆ ಬೇಕಾದ ಸಾಮಾನು ಮಾತ್ರ ಇರುತ್ತಿರಲಿಲ್ಲ.

ಒಮ್ಮೆ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ, ಆಕ್ಸಿಜನ್ ಕಾನ್ಸಂಟ್ರೇಟರ್ ಕಳಿಸಿದರು. ಹೊಚ್ಚ ಹೊಸದು. ಪ್ಲಗ್ ನಮ್ಮ ಸಾಕೆಟ್‌ಗೆ ಕೂರಲಿಲ್ಲ, ಅಡಾಪ್ಟರ್ ಹಾಕಿದೆವು. ಸ್ವಿಚ್ ಒತ್ತಿದ್ದೇ ತಡ, ಟಪ್ ಅಂತ ಸದ್ದು, ಸುಟ್ಟ ವಾಸನೆ. ಅದು 110 ವೋಲ್ಟ್ ಯಂತ್ರ, ನಮ್ಮ ಲೈನ್ 230. ಹಿಂಬದಿಯ ಸ್ಟಿಕ್ಕರ್ ಮೇಲೆ ಬರೆದಿತ್ತು, ನಾನು ನೋಡಿರಲಿಲ್ಲ. ತಪ್ಪು ನನ್ನದೂ ಹೌದು. ಆದರೆ ಕಳಿಸುವ ಮುಂಚೆ ಒಂದು ಮಾತು ಕೇಳಬಹುದಿತ್ತು ಅಲ್ವಾ? ಆಮೇಲೆ ಅದು ಸ್ಟೋರ್ ರೂಮಲ್ಲಿ ಒರೆಸುವ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಯಿತು.

ನೆರವು ಪಡೆಯುವ ದೇಶದ ಕೈಯಲ್ಲೇ ಚುಕ್ಕಾಣಿ ಇರಬೇಕು ಅಂತ, ನೆರವು ಕೊಡುವ ಮತ್ತು ಪಡೆಯುವ ದೇಶಗಳು ಸೇರಿ ಒಪ್ಪಿದ 2005ರ ಪ್ಯಾರಿಸ್ ಘೋಷಣೆ ಹೇಳುತ್ತದೆ. ನಮ್ಮ ಸ್ಟೋರ್ ರೂಮಿನವರೆಗೆ ಅದು ಬಂದಿರಲಿಲ್ಲ, ಅಷ್ಟೇ.

ಮುಂದಿನ ತಂಡ ಬರುವ ಮೊದಲು ಅರಿವಳಿಕೆ ವಿಭಾಗದವರನ್ನೂ ಎಲೆಕ್ಟ್ರಿಷಿಯನ್ನನ್ನೂ ಕೂರಿಸಿಕೊಂಡು ಒಂದು ಪುಟ ಬರೆದೆ. ಎಷ್ಟು ವೋಲ್ಟ್, ಯಾವ ಫಿಲ್ಟರ್ ಇಲ್ಲಿ ಸಿಗುತ್ತದೆ, ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ. ಔಷಧಿ ಕಳಿಸುವುದಾದರೆ ಇಲ್ಲಿಗೆ ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. ಇದು ನನ್ನ ಹಠವಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇರೋದು. ಕೊನೆಗೆ, ಸರ್ಜನ್ ಒಬ್ಬರು ಕಡಿಮೆಯಾದರೂ ಪರವಾಗಿಲ್ಲ, ಯಂತ್ರ ರಿಪೇರಿ ಕಲಿಸುವವರನ್ನು ಕಳಿಸಿ ಅಂತ ಸೇರಿಸಿದೆ.

ಅವರಿಗೆ ಬೇಜಾರಾಗಿ ಬರೋದೇ ನಿಲ್ಲಿಸಿದರೆ ಅಂತ ನಮ್ಮ ದೊಡ್ಡ ಡಾಕ್ಟರಿಗೆ ಭಯ. ಹಾಗೇನೂ ಆಗಲಿಲ್ಲ. ಒಬ್ಬ ಟೆಕ್ನಿಷಿಯನ್ ಬಂದರು. ನಮ್ಮ ಎಲೆಕ್ಟ್ರಿಷಿಯನ್ ಜೊತೆ ನೆಲದ ಮೇಲೆ ಕೂತು, ಮೂಲೆ ಸೇರಿದ್ದ ಯಂತ್ರಗಳನ್ನು ಒಂದೊಂದಾಗಿ ಬಿಚ್ಚಿ ಜೋಡಿಸಿದರು. ನಮಗೆ ಅತಿ ಹೆಚ್ಚು ಉಪಯೋಗ ಆದದ್ದು ಆ ವಾರವೇ.

ಸರ್ಜರಿ ಚೆಕ್‌ಲಿಸ್ಟನ್ನೂ ಹಾಗೇ ನಮ್ಮದು ಮಾಡಿಕೊಂಡೆವು. ವಿಶ್ವ ಆರೋಗ್ಯ ಸಂಸ್ಥೆಯ ಆ ಹಾಳೆಯಲ್ಲಿ 19 ಅಂಶ ಇವೆ. ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ ಅಂತ ಕೆಳಗೇ ಬರೆದಿದೆ, ಯಾರೂ ಓದೋದಿಲ್ಲ. ಸಿಲಿಂಡರ್‌ನಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನೋ ಸಾಲನ್ನು ನಾವು ಸೇರಿಸಿದೆವು. ಕೊಯ್ಯುವ ಮೊದಲು ಎಲ್ಲರೂ ಹೆಸರು ಹೇಳಬೇಕು ಅನ್ನೋದು ಅದರಲ್ಲಿ ಮೊದಲೇ ಇತ್ತು. ವರ್ಷಗಳಿಂದ ನನ್ನನ್ನು ಬರೀ 'ಸಿಸ್ಟರ್' ಅನ್ನುತ್ತಿದ್ದ ಸರ್ಜನ್‌ಗೆ ನನ್ನ ಹೆಸರು ಗೊತ್ತಾದದ್ದು ಹಾಗೆ.

ತಂಡ ಯಾವಾಗ ಬರಬೇಕು ಅನ್ನೋದು ಮಾತ್ರ ಇನ್ನೂ ಅವರ ರಜೆ ನೋಡಿಕೊಂಡೇ ನಿರ್ಧಾರ ಆಗುತ್ತದೆ. ಈ ಸಲದ ಪಟ್ಟಿಯಲ್ಲಿ ಅದನ್ನೂ ಬರೆದಿದ್ದೇನೆ.