ಮನೆಯಲ್ಲಿ ಎಲ್ರಿಗೂ ರಜೆ ಉಂಟು, ನಿಮ್ಗೆ ಯಾವಾಗ?

ಮೊದ್ಲು ಒಂದು ಕೆಲಸ ಮಾಡಿ. ಹಳೆ ಕ್ಯಾಲೆಂಡರಿನ ಹಿಂದೆ ಆದ್ರೂ ಸರಿ, ಬೆಳಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಮಾಡಿದ್ದನ್ನೆಲ್ಲ ಬರೀರಿ, ಒಂದು ವಾರ. ನೀರ್‌ದೋಸೆ ಅಂತ ಒಂದೇ ಶಬ್ದ ಬರ್ದ್ರೆ ಆಗ್ಲಿಲ್ಲ, ರಾತ್ರಿ ಅಕ್ಕಿ ನೆನೆಹಾಕಿದ್ದು, ಬೆಳಗ್ಗೆ ಕಡೆದದ್ದು, ಚಟ್ನಿಗೆ ಕಾಯಿ ತುರಿದದ್ದು, ಎಲ್ರೂ ಬಿಸಿಬಿಸಿ ತಿಂದು ಎದ್ದುಹೋಗುವವರೆಗೆ ಕಾವಲಿ ಎದುರು ನಿಂತದ್ದು, ಆಮೇಲೆ ತಣ್ಣಗಾಗಿ ಒಂದಕ್ಕೊಂದು ಅಂಟಿದ ಎರಡು ದೋಸೆ ನಿಂತ್ಕೊಂಡೇ ತಿಂದದ್ದು, ಇಷ್ಟೂ ಬರೀರಿ. "ನಾನೆಂತ ಮಾಡ್ತೇನೆ, ಮನೇಲೇ ಇರುದಲ್ವಾ" ಅಂತ ಹೇಳುವ ಬಾಯಿ ತನ್ನಷ್ಟಕ್ಕೆ ಬಂದ್ ಆಗ್ತದೆ.

ನಿಮ್ಮೊಬ್ರ ಕಥೆ ಅಲ್ಲ ಇದು. 2019ರಲ್ಲಿ ಕೇಂದ್ರ ಸರ್ಕಾರ ಮಾಡಿದ ಸಮಯ ಬಳಕೆ ಸರ್ವೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರದ್ದು ದಿನಕ್ಕೆ 299 ನಿಮಿಷ, ಗಂಡಸರದ್ದು 97 ಅಂತ ಬಂದಿತ್ತು, ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ, ಮಾಡದೇ ಇರುವವರು ಅದ್ರಲ್ಲಿ ಇಲ್ವೇ ಇಲ್ಲ! 2001ರ ಲತಾ ವಾಧ್ವಾ ಕೇಸಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3000 ರೂಪಾಯಿ ಅಂತ ಬೆಲೆ ಕಟ್ಟಿತ್ತು, ಆದ್ರೆ ಅದು ತೀರಿಹೋದವರ ಪರಿಹಾರಕ್ಕೆ ಹಾಕಿದ ಲೆಕ್ಕ. ನೀವು ಬದುಕಿರುವಾಗಲೇ ಹಾಕಿ ಮಾರಾಯ್ರೆ.

ಪಟ್ಟಿ ಆಯ್ತಲ್ಲ, ಅದ್ರಲ್ಲಿ ಒಂದು ಕೆಲಸ ಆರಿಸಿ ಪೂರ್ತಿ ಬೇರೆಯವರಿಗೆ ಕೊಡಿ. "ಸ್ವಲ್ಪ ಹೆಲ್ಪ್ ಮಾಡಿ" ಅಂದ್ರೆ ಪ್ರಯೋಜನ ಇಲ್ಲ, ಅಕ್ಕಿ ಎಷ್ಟು, ನೀರೆಷ್ಟು, ಪಾತ್ರೆ ಎಲ್ಲುಂಟು ಅಂತ ಕೇಳ್ಲಿಕ್ಕೆ ಹತ್ತು ಸಲ ಬರ್ತಾರೆ, ನೀವೇ ಮಾಡಿದ್ದು ವಾಸಿ ಅಂತ ಆಗ್ತದೆ. ರಾತ್ರಿಯ ಕುಚ್ಚಲಕ್ಕಿ ಗಂಜಿ ಅಂದ್ರೆ ಅಕ್ಕಿ ತೊಳೆಯುವಲ್ಲಿಂದ ಪಾತ್ರೆ ತೊಳೆಯುವವರೆಗೆ ಅವರದ್ದೇ. ನಾಲ್ಕು ದಿನ ಅಡಿ ಹಿಡೀತದೆ, ಹಿಡೀಲಿ. ನೀವು ಬಾಯಿ ಹಾಕ್ಬೇಡಿ, ಮುಖ್ಯವಾಗಿ ಅಡುಗೆಮನೆಗೆ ಇಣುಕ್ಬೇಡಿ.

ರೆಸ್ಟಿಗೆ ಟೈಮ್ ಫಿಕ್ಸ್ ಮಾಡಿ. ಫ್ರೀ ಆದ್ರೆ ಮಲಗ್ತೇನೆ ಅಂದ್ರೆ ಫ್ರೀ ಆಗುದೇ ಇಲ್ಲ. ಮಧ್ಯಾಹ್ನ ಎರಡು ಗಂಟೆ ಅಂತಿಟ್ಕೊಳ್ಳಿ, "ಅತ್ತೆ, ನಾನು ಅರ್ಧ ಗಂಟೆ ಅಡ್ಡ ಆಗ್ತೇನೆ, ಬೆಲ್ ಆದ್ರೆ ನೀವು ನೋಡ್ತೀರಾ" ಅಂತ ಹೇಳಿಯೇ ಹೋಗಿ. ಕದ್ದುಮುಚ್ಚಿ ಮಲಗಿದ್ರೆ ಕಿವಿ ಬಾಗ್ಲಲ್ಲೇ ಇರ್ತದೆ, ನಿದ್ರೆ ಬರುದಿಲ್ಲ. ಮಧ್ಯಾಹ್ನ 20-30 ನಿಮಿಷ ಸಾಕು, ಜಾಸ್ತಿ ಆದ್ರೆ ಎದ್ದಾಗ ತಲೆ ಭಾರ. ರಾತ್ರಿಗೆ ಮಾತ್ರ ಏಳು ಗಂಟೆ ಬೇಕೇ ಬೇಕು.

ಫೋನಲ್ಲಿ ರೀಲ್ಸ್ ನೋಡುದು ರೆಸ್ಟ್ ಅಲ್ಲ. ಮಲ್ಪೆ ಬೀಚಿಗೆ ಪಿಕ್‌ನಿಕ್ ಹೋಗುದೂ ಅಲ್ಲ, ಚಿತ್ರಾನ್ನದ ಡಬ್ಬಿ ಕಟ್ಟುವುದು, ಮಕ್ಕಳ ಒದ್ದೆ ಬಟ್ಟೆ ಬದಲಿಸುದು, ಬಂದ್ಮೇಲೆ ಮರಳು ಗುಡಿಸುದು ಎಲ್ಲ ನೀವೇ ಆದ್ರೆ.

ಅಕ್ಕಪಕ್ಕದವರು ಎಂತ ಹೇಳ್ತಾರೋ ಅಂತ ಅಳುಕು ಬರ್ತದೆ, ಬರ್ತದೆ ಖಂಡಿತ. ಆದ್ರೆ ನಮ್ಮ ತುಳುನಾಡಲ್ಲೇ ಫೆಬ್ರವರಿಯಲ್ಲಿ ಕೆಡ್ಡಸ ಅಂತ ಭೂಮಿತಾಯಿಗೆ ಮೂರು ದಿನ ವಿಶ್ರಾಂತಿ ಕೊಡುವ ಕ್ರಮ ಉಂಟಲ್ಲ, ಉಳ್ಲಿಕ್ಕಿಲ್ಲ, ಅಗೀಲಿಕ್ಕಿಲ್ಲ. ಭೂಮಿಗೆ ಸೋಮಾರಿ ಅಂತ ಯಾರೂ ಹೇಳ್ಲಿಲ್ಲ.

ಇನ್ನು, ಎಷ್ಟು ಮಲಗಿದ್ರೂ ಸುಸ್ತು ಹೋಗ್ಲಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ ನೋಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ರೆ ರಕ್ತ ಕಡಿಮೆ ಅಂತ ಲೆಕ್ಕ. ಮನಸ್ಸಿಗೇ ಭಾರ, ಅಳು ಬರ್ತಾ ಉಂಟು ಅಂತಾದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಲಿಕ್ಕಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.