ಹೊಸ ರೈಡ್ ತರುವ ಮುಂಚೆ ಬೆಂಚ್ ಮೇಲೆ ಕೂತವರನ್ನು ಎಣಿಸಿ

ಅಮ್ಯೂಸ್‌ಮೆಂಟ್ ಪಾರ್ಕ್ ಇಟ್ಟವರು ನನಗೆ ಫೋನ್ ಮಾಡಿದರೆ ಮೊದಲ ಮಾತು ಹೆಚ್ಚುಕಮ್ಮಿ ಒಂದೇ. "ಸರ್, ಈ ಸಲ ಏನಾದ್ರೂ ದೊಡ್ಡದು ತರ್ಬೇಕು." ಹಿಂದೆಯೇ ವಾಟ್ಸಾಪ್‌ಗೆ ಒಂದು ವಿಡಿಯೊ ಬರುತ್ತದೆ. ಯಾವುದೋ ಎಕ್ಸ್‌ಪೊದಲ್ಲಿ ತೆಗೆದದ್ದು. ಜನ ತಲೆಕೆಳಗಾಗಿ ಕಿರುಚುತ್ತಿರುತ್ತಾರೆ. ನಾನು ಅದನ್ನು ಆಮೇಲೆ ನೋಡುತ್ತೇನೆ. ಮೊದಲು ಕೇಳುವುದು ಇಷ್ಟೇ: "ಭಾನುವಾರ ಮಧ್ಯಾಹ್ನ ನಿಮ್ಮ ಪಾರ್ಕಲ್ಲಿ ಬ್ಯಾಗ್ ಕಾಯ್ಕೊಂಡು ಬೆಂಚ್ ಮೇಲೆ ಕೂತವರು ಎಷ್ಟು ಜನ?" ಉತ್ತರ ಇರುವುದಿಲ್ಲ.

ಯಾವ ರೈಡ್ ತರಬೇಕು ಅಂತ ಸಲಹೆ ಕೊಡುವ ಈ ಕೆಲಸಕ್ಕೆ ನಾನು ಬಂದದ್ದು ಜಾತ್ರೆಯಿಂದ. ಹುಡುಗನಾಗಿದ್ದಾಗ ತೊಟ್ಟಿಲಿನವರ ಜೊತೆ ಎಲೆಕ್ಟ್ರಿಷಿಯನ್ ಆಗಿ ಊರೂರು ಸುತ್ತಿದೆ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆ ನಮಗೆ ದೊಡ್ಡ ದುಡಿಮೆ. ಅಲ್ಲಿ ತೊಟ್ಟಿಲಿಗೆ ಬೇರೆ ಟಿಕೆಟ್, ಕೊಲಂಬಸ್‌ಗೆ ಬೇರೆ, ಬ್ರೇಕ್ ಡ್ಯಾನ್ಸ್‌ಗೆ ಬೇರೆ. ರಾತ್ರಿ ಒಂದು ಗಂಟೆಗೆ ಟಿಕೆಟ್ ಪುಸ್ತಕ ಎಣಿಸಿದರೆ ಯಾವುದು ಅನ್ನ ಹಾಕುತ್ತಿದೆ ಅಂತ ತಾನಾಗೇ ಗೊತ್ತಾಗುತ್ತಿತ್ತು. ಡಿಸ್ನಿಲ್ಯಾಂಡ್ ಕೂಡ ಶುರುವಿನಲ್ಲಿ ಹೆಚ್ಚುಕಮ್ಮಿ ಜಾತ್ರೆ ಥರಾನೇ ನಡೆದದ್ದು. 1955ರಲ್ಲಿ ಬಾಗಿಲು ತೆಗೆದು, 1982ರವರೆಗೂ ರೈಡ್‌ಗಳಿಗೆ ಕೂಪನ್ ಮಾರುತ್ತಿದ್ದರು. 'ಎ' ಕೂಪನ್ ಸಣ್ಣಪುಟ್ಟದಕ್ಕೆ, 'ಇ' ಕೂಪನ್ ಭಾರಿ ರೈಡ್‌ಗಳಿಗೆ.

ಈಗಿನ ಪಾರ್ಕುಗಳಲ್ಲಿ ಗೇಟಿನಲ್ಲಿ ಒಂದೇ ಟಿಕೆಟ್. ಒಳಗೆ ಹೋದ ಮೇಲೆ ಎಷ್ಟು ಸಲ ಬೇಕಾದರೂ ಹತ್ತಿ. ಹಾಗಾಗಿ ಯಾವ ರೈಡೂ ತನ್ನ ದುಡಿಮೆಯನ್ನು ತಾನೇ ತೋರಿಸುವುದಿಲ್ಲ. ಮಾಲೀಕರು ಎಡವುವುದೇ ಇಲ್ಲಿ. ಕ್ಯೂ ಉದ್ದ ಇದ್ದರೆ ರೈಡ್ ಹಿಟ್ ಅಂದುಕೊಳ್ಳುತ್ತಾರೆ. ಕ್ಯೂ ಉದ್ದ ಇರುವುದು ಜನ ಜಾಸ್ತಿ ಬಂದದ್ದಕ್ಕೂ ಇರಬಹುದು, ಮಷೀನು ನಿಧಾನ ಇರುವುದಕ್ಕೂ ಇರಬಹುದು.

ಅದಕ್ಕೇ ಬೆಂಚಿನ ಲೆಕ್ಕ. ನೋಟ್‌ಬುಕ್ ಹಿಡಿದು ಎರಡು ಭಾನುವಾರ, ಒಂದು ಬುಧವಾರ ಪಾರ್ಕ್ ಸುತ್ತಿ. ಗಂಟೆಗೊಮ್ಮೆ ಮೂರು ಅಂಕಿ ಬರೆಯಿರಿ: ರೈಡ್ ಮೇಲೆ ಮತ್ತು ನೀರಲ್ಲಿ ಇರುವವರು, ಕ್ಯೂನಲ್ಲಿ ನಿಂತವರು, ಸುಮ್ನೆ ಕೂತವರು. ಕೂತವರಲ್ಲಿ ಅಮ್ಮಂದಿರು, ಅಜ್ಜಿ ತಾತಂದಿರು, ಕಂಕುಳಲ್ಲಿ ಕೂಸಿರುವವರು ಎಷ್ಟು ಅಂತ ಬೇರೆ ಬರೆಯಿರಿ. ಕ್ಯೂನಲ್ಲೇ ಜಾಸ್ತಿ ಜನ ಇದ್ದರೆ ನಿಮಗೆ ಬೇಕಿರುವುದು ಬೇಗ ಬೇಗ ಜನರನ್ನು ಹತ್ತಿಸಿ ಇಳಿಸುವ ರೈಡ್. ಬೆಂಚು ತುಂಬಿದ್ದರೆ ಎಲ್ಲರೂ ಹತ್ತಬಹುದಾದ ರೈಡ್. ಎರಡೂ ಖಾಲಿ ಇದ್ದರೆ ಮಾತ್ರ ಊರಲ್ಲಿ ಸುದ್ದಿ ಆಗುವಂಥ ರೈಡ್ ಯೋಚಿಸಿ. ವಿಡಿಯೊದಲ್ಲಿ ಕಿರುಚುವವರ ಸರದಿ ಬರುವುದು ಇಲ್ಲಿ, ಕೊನೆಗೆ.

ಇನ್ನು ಕ್ಯಾಟಲಾಗಿನ ಮಾತು. "ಗಂಟೆಗೆ 480 ಜನ" ಅಂತ ಒಬ್ಬ ಸಪ್ಲೈಯರ್ ಬರೆದುಕೊಟ್ಟಿದ್ದ. 24 ಸೀಟು, ಎರಡು ನಿಮಿಷ ಓಟ, ಹತ್ತಿ ಇಳಿಯಲು ಒಂದು ನಿಮಿಷ. ಗುಣಾಕಾರ ಸರಿಯಾಗಿದೆ. ನಾನು ಅದೇ ಥರದ ರೈಡ್ ಇರುವ ಕಡೆ ಹೋಗಿ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿದೆ. ಗೇಟ್ ತೆಗೆದರು. ಮುಂದಿದ್ದವರು "ಚಪ್ಪಲಿ ಎಲ್ಲಿಡೋದು?" ಅಂತ ಕೇಳಿದರು. ಆರು ಜನರ ಒಂದು ಕುಟುಂಬ ಒಂದೇ ಸಾಲಲ್ಲಿ ಕೂರಬೇಕು ಅಂತ ಎದ್ದು ಹಿಂದೆ ಹೋಯಿತು. ಆಪರೇಟರ್ ಹುಡುಗ ಒಬ್ಬಳ ದುಪಟ್ಟಾ ಗಂಟು ಹಾಕಿಸಿದ, ಇನ್ನೊಬ್ಬರ ಶರ್ಟ್ ಜೇಬಿನಿಂದ ಮೊಬೈಲ್ ತೆಗೆಸಿದ, ಸೀಟಲ್ಲಿ ತೊಡೆ ಮೇಲೆ ಅಡ್ಡ ಬರುವ ಲ್ಯಾಪ್ ಬಾರನ್ನು ಒಂದೊಂದಾಗಿ ಎಳೆದು ನೋಡಿದ. ಇನ್ನೇನು ಬೆಲ್ ಹೊಡೆಯಬೇಕು, ಕೊನೇ ಸೀಟಿನ ಗಂಡಸು ಹೆದರಿ ಇಳಿದ. ಅವನ ಹಿಂದೆ ಹೆಂಡತಿಯೂ ಇಳಿದಳು. ಮತ್ತೆ ಬಾರ್ ಎಳೆದು ನೋಡಬೇಕು. ಹತ್ತು ರೌಂಡ್ ಅಳೆದೆ. ಒಂದು ರೌಂಡಿಗೆ ಸರಾಸರಿ ಆರು ನಿಮಿಷ. ಅಂದರೆ ಗಂಟೆಗೆ 240 ಜನ, ಅದೂ ಎಲ್ಲ ಸೀಟು ತುಂಬಿದರೆ. ಕ್ಯಾಟಲಾಗಿನ ಅರ್ಧ.

ಆಪರೇಟರನ್ನು ಬೈದು ಈ ಸಮಯ ಕಮ್ಮಿ ಮಾಡಲು ಹೋಗಬೇಡಿ. ಅವನು ಬಾರ್ ಎಳೆದು ನೋಡುವುದನ್ನು ಬಿಟ್ಟರೆ ನಿಮ್ಮ ಪಾರ್ಕ್ ಪೇಪರಲ್ಲಿ ಬರುತ್ತದೆ. ಚಪ್ಪಲಿ ಸ್ಟ್ಯಾಂಡ್ ಕ್ಯೂನಲ್ಲೇ ಇಡಿ, ಇಳಿಯುವ ಗೇಟ್ ಬೇರೆ ಮಾಡಿ. ಇಷ್ಟಕ್ಕೇ ಒಂದು ನಿಮಿಷ ಉಳಿಯುತ್ತದೆ.

ಸೀಟು, ಜಾಗ, ಥ್ರಿಲ್ ಹೇಗೆ ಒಂದಕ್ಕೊಂದು ಹೊಡೆದಾಡುತ್ತವೆ ಅನ್ನುವುದಕ್ಕೆ ಬೂಮರಾಂಗ್ ಅನ್ನುವ ರೋಲರ್ ಕೋಸ್ಟರ್ ಒಳ್ಳೆ ಉದಾಹರಣೆ. ನೆದರ್‌ಲ್ಯಾಂಡ್ಸ್‌ನ ವೆಕೋಮಾ ಕಂಪನಿ 1984ರಿಂದ ಜಗತ್ತಿನ ತುಂಬಾ ಮಾರಿದ ಮಾದರಿ. ಹಳಿ 300 ಮೀಟರ್ ಕೂಡ ಇಲ್ಲ. ಆದರೆ ರೈಲು ಮುಂದೆ ಹೋಗಿ ಅದೇ ಹಳಿಯ ಮೇಲೆ ಹಿಂದಕ್ಕೆ ಬರುತ್ತದೆ. ಹಾಗಾಗಿ ಮೂರು ಸಲ ತಲೆಕೆಳಗಾಗುವ ಕಡೆ ಆರು ಸಲ ಆಗುತ್ತೀರಿ. ಅರ್ಧ ಹಳಿಯಲ್ಲಿ ಪೂರ್ತಿ ಮಜಾ! ಕೊಟ್ಟ ಕಾಸಿಗೆ ಮೋಸ ಇಲ್ಲ. ಆದರೆ ಇದರಲ್ಲಿ ಒಂದೇ ರೈಲು ಓಡಿಸಲು ಆಗುವುದು. ಅದು ವಾಪಸ್ ಬಂದು ನಿಲ್ಲುವವರೆಗೂ ಮುಂದಿನವರು ಕಾಯಲೇಬೇಕು. ಕ್ಯೂ ಸಮಸ್ಯೆ ಇರುವವರಿಗೆ ಇದು ಔಷಧಿ ಅಲ್ಲ.

ಎತ್ತರ ಅಳೆಯುವ ಕೋಲು ಮರೆಯಬೇಡಿ. ದೊಡ್ಡ ಥ್ರಿಲ್ ರೈಡ್‌ಗಳಿಗೆ 140 ಸೆಂಟಿಮೀಟರ್ ಕನಿಷ್ಠ ಎತ್ತರ ಇರುವುದು ಸಾಮಾನ್ಯ. ಡಿಸೆಂಬರ್, ಜನವರಿ ಅಂದರೆ ಶಾಲೆ ಪ್ರವಾಸದ ಬಸ್ಸುಗಳ ಕಾಲ ಅಲ್ವಾ? ಒಂದು ವಾರ ಗೇಟಿನ ಕಂಬದ ಮೇಲೆ 105, 120, 140ಕ್ಕೆ ಬಣ್ಣದ ಟೇಪ್ ಅಂಟಿಸಿ, ಮಕ್ಕಳು ಒಳಗೆ ಬರುವಾಗ ಎಣಿಸಿ. ಯಾರನ್ನೂ ನಿಲ್ಲಿಸಬೇಕಿಲ್ಲ, ಕಣ್ಣಳತೆ ಸಾಕು. ಪ್ರೈಮರಿ ಮಕ್ಕಳೇ ಜಾಸ್ತಿ ಇದ್ದರೆ 140ರ ರೈಡ್ ಹತ್ತಿರ ದಿನವಿಡೀ ಅಳುವವರನ್ನು ಸಮಾಧಾನ ಮಾಡುವುದೇ ಕೆಲಸ. ಮುಂದಿನ ವರ್ಷ ಆ ಮೇಷ್ಟ್ರು ಬಸ್ಸನ್ನು ಬೇರೆ ಕಡೆ ತಿರುಗಿಸುತ್ತಾರೆ.

ದುಡ್ಡಿಗೆ ಬರೋಣ. ಉದಾಹರಣೆಗೆ ಮಷೀನಿನ ಬೆಲೆ 3 ಕೋಟಿ ಅಂದುಕೊಳ್ಳಿ. ಹಡಗು, ಕಸ್ಟಮ್ಸ್, ಫೌಂಡೇಶನ್, ಟ್ರಾನ್ಸ್‌ಫಾರ್ಮರ್, ಸ್ಪೇರ್ಸ್ ಅಂತ ನಾನು ಇನ್ನೂ ಒಂದು ಕೋಟಿ ಸೇರಿಸಿಯೇ ಮಾತಾಡುವುದು. ಒಟ್ಟು 4 ಕೋಟಿ. ಐದು ವರ್ಷದಲ್ಲಿ ಬರಬೇಕು ಅಂದರೆ ವರ್ಷಕ್ಕೆ 80 ಲಕ್ಷ. ಆಪರೇಟರ್‌ಗಳ ಸಂಬಳ, ಕರೆಂಟು, ಇನ್ಶೂರೆನ್ಸ್, ವರ್ಷದ ತಪಾಸಣೆಗೆ 30 ಲಕ್ಷ ಇಡಿ. ಒಟ್ಟು 1 ಕೋಟಿ 10 ಲಕ್ಷ. ಬ್ಯಾಂಕ್ ಬಡ್ಡಿ ಬೇರೆ. ಟಿಕೆಟ್ 800 ರೂಪಾಯಿ ಆದರೆ ಅದರೊಳಗೇ ಸೇರಿರುವ 18 ಪರ್ಸೆಂಟ್ ಜಿಎಸ್‌ಟಿ ಕಳೆದು 678 ಉಳಿಯುತ್ತದೆ (2018ರ ಜನವರಿಗೆ ಮುಂಚೆ 28 ಪರ್ಸೆಂಟ್ ಇತ್ತು, ಆಗಿನ ಕಷ್ಟ ಕೇಳಬೇಡಿ). ಊಟ, ಲಾಕರ್ ಲಾಭ ಸೇರಿಸಿ, ಏಜೆಂಟ್ ಕಮಿಷನ್ ಮತ್ತು ಇತರೆ ಖರ್ಚು ಕಳೆದು ಒಬ್ಬರಿಂದ ಕೈಗೆ 500 ಸಿಗುತ್ತದೆ ಅನ್ನಿ. 1 ಕೋಟಿ 10 ಲಕ್ಷವನ್ನು 500ರಿಂದ ಭಾಗಿಸಿ. 22,000 ಜನ.

ಹೇಗೂ ಬರುತ್ತಿದ್ದವರನ್ನು ಇದರಲ್ಲಿ ಸೇರಿಸುವ ಹಾಗಿಲ್ಲ. ಈ ರೈಡ್ ಇದೆ ಅಂತಲೇ ಪ್ರತಿ ವರ್ಷ ಹೊಸದಾಗಿ ಬರಬೇಕಾದವರು 22,000. ಮೊದಲ ವರ್ಷ ಬಂದಾರು. ಮೂರನೇ ವರ್ಷ ಅದು ಹಳೇ ರೈಡ್. ಮನೆಮಂದಿಯೆಲ್ಲ ಹತ್ತುವ ರೈಡಿನ ಪರ ನಾನು ವಾದ ಮಾಡುವುದು ಇದಕ್ಕೇ. ಒಬ್ಬ ಕಾಲೇಜು ಹುಡುಗನಿಗೆ ಇಷ್ಟ ಆದರೆ ಒಂದು ಟಿಕೆಟ್. ಎಂಟು ವರ್ಷದ ಮಗಳು "ಅಜ್ಜಿ ಜೊತೆ ಮತ್ತೆ ಹೋಗೋಣ" ಅಂತ ಹಟ ಹಿಡಿದರೆ ಐದು ಟಿಕೆಟ್, ಐದು ಊಟ.

ಇಷ್ಟೆಲ್ಲ ಬಲ್ಲ ನಾನೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ನಾನು ಕೆಲಸ ಮಾಡುತ್ತಿದ್ದ ಪಾರ್ಕಿಗೆ ಗರಗರ ತಿರುಗುವ ಒಂದು ವಿದೇಶಿ ರೈಡ್ ತರಿಸಲು ಹಟ ಮಾಡಿದವನೇ ನಾನು. ಏಪ್ರಿಲ್ ಕೊನೆಯಲ್ಲಿ ಅದನ್ನು ತಿರುಗಿಸುವ ದೊಡ್ಡ ಸ್ಲೂಯಿಂಗ್ ಬೇರಿಂಗ್ ಸದ್ದು ಮಾಡಲು ಶುರು ಮಾಡಿತು. ನಿಲ್ಲಿಸಿದೆವು. ಆ ಅಳತೆಯ ಬೇರಿಂಗ್ ಬೆಂಗಳೂರಿನ ಎಸ್.ಪಿ. ರೋಡ್ ಅಂಗಡಿಗಳಲ್ಲಿ ಸಿಗುವ ಸಾಮಾನಲ್ಲ. ಹೊಸದಾಗಿ ಮಾಡಿಸಿ ಹಡಗಿನಲ್ಲಿ ತರಿಸುವಷ್ಟರಲ್ಲಿ ಬೇಸಿಗೆ ರಜೆ ಮುಗಿದು ಮಳೆ ಹಿಡಿದಿತ್ತು. ಹೈವೇ ಪಕ್ಕದ ಹೋರ್ಡಿಂಗ್‌ನಲ್ಲಿ ಮಾತ್ರ ಅದು ತಿರುಗುತ್ತಲೇ ಇತ್ತು. ಟಿಕೆಟ್ ಕೌಂಟರಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಆ ಹೊಸದು ಓಡ್ತಿದ್ಯಾ?"

ಹಾಗಾಗಿ ಆರ್ಡರ್ ಕೊಡುವ ಮುಂಚೆ ಅದೇ ರೈಡ್ ಐದು ವರ್ಷದಿಂದ ಓಡಿಸುತ್ತಿರುವವರ ಮೆಂಟೆನೆನ್ಸ್ ಮೇಸ್ತ್ರಿಗೆ ಟೀ ಕುಡಿಸಿ. ಮ್ಯಾನೇಜರಿಗಲ್ಲ. ವರ್ಷಕ್ಕೆ ಎಷ್ಟು ದಿನ ನಿಂತಿತ್ತು, ಏನು ಕೆಟ್ಟಿತ್ತು, ಸ್ಪೇರ್ ಎಷ್ಟು ದಿನಕ್ಕೆ ಬಂತು ಅಂತ ಕೇಳಿ. ಬಿಡದಿಯಲ್ಲಿ ಪಾರ್ಕ್ ಇರುವ ವಂಡರ್‌ಲಾದವರು ಕೊಚ್ಚಿಯ ಸ್ವಂತ ವರ್ಕ್‌ಶಾಪಿನಲ್ಲಿ ಕೆಲವು ರೈಡ್‌ಗಳನ್ನು ತಾವೇ ಮಾಡಿಕೊಳ್ಳುತ್ತಾರೆ. ಅದರ ಬೆಲೆ ಏನು ಅಂತ ಆ ಬೇಸಿಗೆ ನನಗೆ ಅರ್ಥವಾಯಿತು. ಅಮೆರಿಕದವರಿಗೂ ಇದು ತಪ್ಪಿದ್ದಲ್ಲ. ನ್ಯೂಜೆರ್ಸಿಯ ಕಿಂಗ್ಡಾ ಕಾ 2005ರಲ್ಲಿ ಶುರುವಾದಾಗ 456 ಅಡಿಯ ಕೋಸ್ಟರ್, ಜಗತ್ತಿಗೇ ಎತ್ತರದ್ದು. ಸವಾರಿ ಒಂದು ನಿಮಿಷವೂ ಇಲ್ಲ. ಗಾಳಿ ಜೋರಾದರೆ ಬಂದ್, ಮಳೆ ಬಂದರೆ ಬಂದ್. 2025ರ ಫೆಬ್ರುವರಿಯಲ್ಲಿ ಸ್ಫೋಟಕ ಇಟ್ಟು ಕೆಡವಿದರು.

ಎಲ್ಲ ಲೆಕ್ಕ ಆಗಿ, ತರೋಣ ಅಂತಲೇ ಆದರೆ ಬೇಸಿಗೆಗೆ ಬೇಕಾದ್ದನ್ನು ಹಿಂದಿನ ಬೇಸಿಗೆ ಮುಗಿಯುತ್ತಿದ್ದ ಹಾಗೇ ಆರ್ಡರ್ ಮಾಡಿ. ಕೊನೇ ಕಂತಿನ ದುಡ್ಡನ್ನು ಸ್ಪೇರ್ಸ್ ಪೆಟ್ಟಿಗೆ ನಿಮ್ಮ ಗೋಡೌನಿಗೆ ಬಂದ ಮೇಲೆ ಕೊಡಿ. ಸೀಟುಗಳಲ್ಲಿ ಮರಳಿನ ಚೀಲ ಕಟ್ಟಿ ದಿನಗಟ್ಟಲೆ ಓಡಿಸಿ. ಎಲ್ಲ ಸೀಟಲ್ಲೂ, ಆಮೇಲೆ ಒಂದೇ ಪಕ್ಕದ ಸೀಟುಗಳಲ್ಲಿ. ಜಾತ್ರೆಯ ತೊಟ್ಟಿಲಿಗೆ ಜನ ತುಂಬುವಾಗ ಒಂದು ಪೆಟ್ಟಿಗೆ ಆದಮೇಲೆ ಎದುರಿನ ಪೆಟ್ಟಿಗೆ ತುಂಬುತ್ತಿದ್ದೆವು, ಭಾರ ಒಂದೇ ಕಡೆ ಬೀಳಬಾರದು ಅಂತ. ನಿಮ್ಮ ಪಾರ್ಕಲ್ಲಿ ಬುಧವಾರ ಬೆಳಿಗ್ಗೆ ಬರುವ ನಾಲ್ಕೇ ನಾಲ್ಕು ಜನ ಹಾಗೆಲ್ಲ ನೋಡಿ ಕೂರುವುದಿಲ್ಲ. ಹೈವೇ ಹೋರ್ಡಿಂಗ್‌ನವನಿಗೆ ಅಡ್ವಾನ್ಸ್ ಕೊಡುವುದು ಈ ಮರಳಿನ ಚೀಲಗಳು ಇಳಿದ ಮೇಲೆ.