ಪೇಟೆಂಟ್ ಲೆದರ್ ಬ್ಯಾಗ್‌ಗೆ ಬೇರೆ ಬಣ್ಣ ಹತ್ತಿದ್ರೆ ಏನ್ಮಾಡ್ಬೇಕು

ತಿಳಿ ಬಣ್ಣದ ಪೇಟೆಂಟ್ ಲೆದರ್ (ಕನ್ನಡಿ ಥರ ಹೊಳೆಯೋ ಚರ್ಮ) ಬ್ಯಾಗ್ ಇರೋರು ಮೊದ್ಲು ಇದನ್ನ ತಿಳ್ಕೊಳ್ಳಿ, ಆ ಹೊಳಪು ಚರ್ಮದ್ದಲ್ಲ, ಮೇಲೆ ಬಳಿದಿರೋ ಪ್ಲಾಸ್ಟಿಕ್ ಪದರದ್ದು, ಹೆಚ್ಚಾಗಿ ಪಾಲಿಯುರಿಥೇನ್, ಅದು ಜೀನ್ಸ್ ಬಣ್ಣ, ಪೇಪರ್ ಇಂಕು, ಪಕ್ಕದಲ್ಲಿಟ್ಟ ಕಪ್ಪು ಬ್ಯಾಗಿನ ಬಣ್ಣ ಎಲ್ಲಾನೂ ನಿಧಾನಕ್ಕೆ ಒಳಗೆ ಎಳ್ಕೊಳುತ್ತೆ. ಹಾಗಾಗಿ ಕಲೆ ಕಂಡ ದಿನಾನೇ ಒರೆಸಿ.

ಮೆತ್ತನೆ ಬಿಳಿ ಬಟ್ಟೇನ ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಹೋಗ್ಲಿಲ್ಲ ಅಂದ್ರೆ ಐಸೊಪ್ರೊಪೈಲ್ ಆಲ್ಕೊಹಾಲ್ (ಕ್ಲೀನ್ ಮಾಡೋಕೆ ಬಳಸೋ ಒಂದು ಸ್ಪಿರಿಟ್) ಇಯರ್‌ಬಡ್‌ಗೆ ಸ್ವಲ್ಪ ತಗೊಂಡು ಮೊದ್ಲು ತಳದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ ಟೆಸ್ಟ್ ಮಾಡಿ, ಹೊಳಪು ಮಂಕಾಗ್ಲಿಲ್ಲ, ಬ್ಯಾಗಿನ ಬಣ್ಣ ಬಡ್‌ಗೆ ಬರ್ಲಿಲ್ಲ ಅಂದ್ರೆ ಮಾತ್ರ ಕಲೆ ಮೇಲೆ ಹಗುರವಾಗಿ ಉಜ್ಜಿ ತಕ್ಷಣ ಒದ್ದೆ ಬಟ್ಟೇಲಿ ಒರೆಸಿಬಿಡಿ. ನೇಲ್ ಪಾಲಿಶ್ ರಿಮೂವರ್ ಮಾತ್ರ ದಯವಿಟ್ಟು ಬೇಡ, ಅದರಲ್ಲಿರೋ ಅಸಿಟೋನ್ ಆ ಪದರಾನೇ ಕರಗಿಸುತ್ತೆ.

ಆಳಕ್ಕಿಳಿದ ಬಣ್ಣ, ಬಿಸಿಲಿಗೆ ಹಳದಿ ತಿರುಗಿದ್ದು ಎರಡೂ ಉಜ್ಜಿದ್ರೆ ಹೋಗಲ್ಲ, ಲೆದರ್ ರಿಪೇರಿ ಮಾಡೋರ ಹತ್ರ ಗಾಢ ಬಣ್ಣ ಹಾಕಿಸೋದೇ ವಾಸಿ.

ಎತ್ತಿಡುವಾಗ ಹಳೇ ಬಿಳಿ ಪಂಚೆ ತುಂಡಲ್ಲಿ ಸುತ್ತಿ, ಬಿಸಿಲು ಬೀಳದ ಕಡೆ, ಬೇರೆ ಬ್ಯಾಗಿಗೆ ತಾಗದ ಹಾಗೆ ಇಡಿ. ಪ್ಲಾಸ್ಟಿಕ್ ಕವರ್ ಬೇಡ, ಸುತ್ತೋಕೆ ನ್ಯೂಸ್‌ಪೇಪರಂತೂ ಬೇಡ್ವೇ ಬೇಡ.